ತಂತಿ–ಬೆರಳು: ಆಲ್ಟರ್ಡ್ ಕಾರ್ಡ್ ಕುರಿತ ಓದುಗರ ಪ್ರಶ್ನೆಗಳು

ಡಾಮಿನೆಂಟ್ ಸೆವೆಂತ್ ಕಾರ್ಡ್ (ಡಿ7, ಇ7ನಂಥ, ಮನೆಯ ಕಾರ್ಡ್‌ಗೆ ಮರಳಲು ಎಳೆಯುವ ಕಾರ್ಡ್) ಮತ್ತು ಅದರ ಕೆಲವು ಸ್ವರ ಬದಲಿಸಿದ ಆಲ್ಟರ್ಡ್ ರೂಪದ ಬಗ್ಗೆ ಕೊಡಗಿನ ಬೇರೆ ಬೇರೆ ಊರುಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಾರ್ಡ್ ಹಿಡಿಯುವ ಬಗೆಯನ್ನು ಅಂಕಿಗಳಲ್ಲಿ ಕೊಟ್ಟಿದೆ. ಎಡಗಡೆಯ ಮೊದಲ ಅಂಕಿ ದಪ್ಪನೆಯ 6ನೇ ತಂತಿಯದು, ಬಲತುದಿಯದು ಸಪೂರದ 1ನೇ ತಂತಿಯದು. ಅಂಕಿ ಎಂದರೆ ಫ್ರೆಟ್, 0 ಎಂದರೆ ತೆರೆದ ತಂತಿ. × ಇದ್ದಲ್ಲಿ ಆ ತಂತಿ ನುಡಿಯಕೂಡದು.

ಪ್ರಶ್ನೆ: ನೋಟೇಶನ್‌ನಲ್ಲಿ ‘ಡಿ7 ಆಲ್ಟ್’ ಎಂದಷ್ಟೇ ಬರೆದಿರುತ್ತಾರೆ. ಯಾವ ಸ್ವರ ಬದಲಿಸಬೇಕು ಎಂದು ಹೇಳಿರುವುದಿಲ್ಲ. ಇಂಟರ್ನೆಟ್‌ನಲ್ಲಿ ಸಿಕ್ಕ ನಾಲ್ಕೈದು ಶೇಪ್ ಬಾಯಿಪಾಠ ಮಾಡಿದ್ದೇನೆ. ಯಾವುದನ್ನು ನುಡಿಸಿದರೂ ತಪ್ಪು ಕಾರ್ಡ್ ಹಿಡಿದಂತೆಯೇ ಕೇಳುತ್ತದೆ. ಎಲ್ಲಿ ಎಡವುತ್ತಿದ್ದೇನೆ?
— ಓದುಗರು, ಗೋಣಿಕೊಪ್ಪಲು

ಶೇಪ್ ಸರಿಯಾಗಿಯೇ ಇರಬಹುದು. ಅದನ್ನು ಒಂಟಿಯಾಗಿ ಕಲಿತದ್ದೇ ತೊಡಕು. ಆಲ್ಟರ್ಡ್ ಕಾರ್ಡ್‌ಗೆ ಅರ್ಥ ಬರುವುದು ಅದರ ಹಿಂದಿನ ಕಾರ್ಡ್ ಮತ್ತು ಮುಂದಿನ ಕಾರ್ಡ್ ಜೊತೆಗಿದ್ದಾಗ ಮಾತ್ರ. ಒಂದೇ ಕಾರ್ಡನ್ನು ಹಿಡಿದು ಮೇಲಿಂದ ಕೆಳಗೆ ಸ್ಟ್ರಮ್ ಮಾಡಿ ‘ಚೆನ್ನಾಗಿದೆಯೇ’ ಎಂದು ಕೇಳಿಕೊಂಡರೆ ಯಾರ ಕಿವಿಯೂ ಹೌದೆನ್ನುವುದಿಲ್ಲ.

ಮೊದಲು ಸ್ವರಗಳ ಲೆಕ್ಕ. ಡಿ7 ಅಂದರೆ ಡಿ, ಎಫ್ ಶಾರ್ಪ್, ಎ, ಸಿ. ಡಿಯಿಂದ ಸ್ಕೇಲ್‌ನ ಸ್ವರಗಳನ್ನು ಎಣಿಸಿದರೆ ಇದರಲ್ಲಿ ಮೂರನೆಯದಾದ ಎಫ್ ಶಾರ್ಪ್ ಮತ್ತು ಏಳನೆಯದಾದ ಸಿ ಕಾರ್ಡಿನ ಜೀವ. ಇವೆರಡನ್ನು ಮುಟ್ಟಬಾರದು. ಬದಲಾಗುವುದು ಐದನೆಯದು ಮತ್ತು ಒಂಬತ್ತನೆಯದು. ಐದನೆಯದಾದ ಎ ಅರ್ಧ ಸ್ವರ (ಒಂದು ಫ್ರೆಟ್) ಇಳಿದರೆ ಎ ಫ್ಲ್ಯಾಟ್, ಏರಿದರೆ ಎ ಶಾರ್ಪ್. ಒಂಬತ್ತನೆಯದಾದ ಇ ಇಳಿದರೆ ಇ ಫ್ಲ್ಯಾಟ್, ಏರಿದರೆ ಇ ಶಾರ್ಪ್, ಅಂದರೆ ಗಿಟಾರಿನಲ್ಲಿ ಎಫ್. ‘ಆಲ್ಟ್’ ಎಂದು ಬರೆದವರು ಹೇಳುವುದು ಇಷ್ಟೇ: ಸಹಜ ಎ ಬೇಡ, ಸಹಜ ಇ ಬೇಡ. ಬದಲಾದ ಐದರಲ್ಲಿ ಒಂದು, ಬದಲಾದ ಒಂಬತ್ತರಲ್ಲಿ ಒಂದು ನೀವೇ ಆರಿಸಿಕೊಳ್ಳಿ. ಹೀಗೆ ನಾಲ್ಕು ಜೋಡಿಗಳಾಗುತ್ತವೆ:

ಶಾರ್ಪ್ 5, ಶಾರ್ಪ್ 9: × 5 4 5 6 6
ಶಾರ್ಪ್ 5, ಫ್ಲ್ಯಾಟ್ 9: × 5 4 5 4 6
ಫ್ಲ್ಯಾಟ್ 5, ಫ್ಲ್ಯಾಟ್ 9: × 5 4 5 4 4
ಫ್ಲ್ಯಾಟ್ 5, ಶಾರ್ಪ್ 9: × 5 4 5 6 4

ಕೆಳಗಿನ ಮೂರು ಸ್ವರಗಳು (5 4 5) ನಾಲ್ಕರಲ್ಲೂ ಒಂದೇ. 2ನೇ ತಂತಿಯಲ್ಲಿ ಒಂಬತ್ತು, 1ನೇ ತಂತಿಯಲ್ಲಿ ಐದು. ಇಷ್ಟು ತಿಳಿದರೆ ಬಾಯಿಪಾಠ ಬೇಕಾಗಿಲ್ಲ. ಮೊದಲನೆಯದರ ಜೊತೆಗೇ ಎರಡು ವಾರ ಇರಿ, ಉಳಿದ ಮೂರು ಆಮೇಲೆ ತಾವಾಗಿ ಬರುತ್ತವೆ.

ಈಗ ಅದನ್ನು ನಡುವೆ ಇಟ್ಟು ನುಡಿಸುವ ಅಭ್ಯಾಸ:

ಎ ಮೈನರ್ 7: 5 × 5 5 5 5
ಡಿ9: × 5 4 5 5 5
ಡಿ7 ಶಾರ್ಪ್ 5 ಶಾರ್ಪ್ 9: × 5 4 5 6 6
ಜಿ 6/9: × × 5 4 5 5

ಎ ಮೈನರ್‌ಗೆ ನಡುಬೆರಳು 6ನೇ ತಂತಿಯ 5ನೇ ಫ್ರೆಟ್‌ನಲ್ಲಿರಲಿ, ಅದರ ತುದಿ 5ನೇ ತಂತಿಗೆ ತಗುಲಿ ಅದನ್ನು ಮೌನವಾಗಿಡಲಿ. ಉಂಗುರಬೆರಳನ್ನು ಮಲಗಿಸಿ ಉಳಿದ ನಾಲ್ಕು ತಂತಿ ಒತ್ತಿ. ಡಿ9ಗೆ ನಡುಬೆರಳು ಅದೇ ಫ್ರೆಟ್‌ನಲ್ಲಿ ಒಂದು ತಂತಿ ಕೆಳಗೆ, 5ನೇ ತಂತಿಗೆ ಬರುತ್ತದೆ, ತೋರುಬೆರಳು 4ನೇ ತಂತಿಯ 4ನೇ ಫ್ರೆಟ್‌ಗೆ ಹೋಗುತ್ತದೆ, ಉಂಗುರಬೆರಳು 4ನೇ ತಂತಿಯನ್ನಷ್ಟೇ ಬಿಟ್ಟು ಉಳಿದ ಮೂರರ ಮೇಲೆ ಹಾಗೆಯೇ ಇರುತ್ತದೆ. ಆಲ್ಟರ್ಡ್ ಕಾರ್ಡ್‌ಗೆ ಬೇಕಾದದ್ದು ಒಂದೇ ಕೆಲಸ: ಕಿರುಬೆರಳನ್ನು 6ನೇ ಫ್ರೆಟ್‌ನಲ್ಲಿ 1 ಮತ್ತು 2ನೇ ತಂತಿಗಳ ಮೇಲೆ ಮಲಗಿಸುವುದು. ಕೊನೆಗೆ ಜಿಗೆ ಬರುವಾಗ ಕಿರುಬೆರಳು ಎತ್ತಿ, ತೋರುಬೆರಳು ಮತ್ತು ನಡುಬೆರಳನ್ನು ಅದದೇ ಫ್ರೆಟ್‌ನಲ್ಲಿ ಒಂದೊಂದು ತಂತಿ ಕೆಳಕ್ಕೆ ಇಳಿಸಿ. ಹೆಚ್ಚಿನವರು ತಪ್ಪುವುದು ಈ ಜಾಗದಲ್ಲಿ. ಉಂಗುರಬೆರಳು ಹಿಂದಿನಂತೆ 3ನೇ ತಂತಿಯನ್ನೂ ಒತ್ತಿಕೊಂಡೇ ಉಳಿದರೆ ಅಲ್ಲಿ ಬಿ ಬದಲು ಸಿ ನುಡಿಯುತ್ತದೆ, ಕಾರ್ಡ್ ಮನೆಗೆ ಬಂದು ಸೇರುವುದೇ ಇಲ್ಲ. ಆ ಬೆರಳಿನ ತುದಿಯನ್ನು ಹಿಂದಕ್ಕೆ ಎಳೆದು 1 ಮತ್ತು 2ನೇ ತಂತಿಗಳಿಗೆ ಮಾತ್ರ ಸೀಮಿತಗೊಳಿಸಿ.

ಒಂದೊಂದೇ ತಂತಿಯನ್ನು ಹಿಂಬಾಲಿಸಿ ನೋಡಿ. 1ನೇ ತಂತಿ: ಎ, ಎ, ಬಿ ಫ್ಲ್ಯಾಟ್ (ಎ ಶಾರ್ಪ್‌ನದೇ ಇನ್ನೊಂದು ಹೆಸರು), ಎ. 2ನೇ ತಂತಿ: ಇ, ಇ, ಎಫ್, ಇ. 3ನೇ ತಂತಿ: ಸಿ, ಸಿ, ಸಿ, ಬಿ. 4ನೇ ತಂತಿ: ಜಿ, ಎಫ್ ಶಾರ್ಪ್, ಎಫ್ ಶಾರ್ಪ್, ಜಿ. ಆಲ್ಟರ್ಡ್ ಕಾರ್ಡ್‌ನ ಈ ನಾಲ್ಕೂ ಸ್ವರಗಳು ಮುಂದಿನ ಕಾರ್ಡ್‌ನ ಸ್ವರದಿಂದ ಸರಿಯಾಗಿ ಒಂದು ಫ್ರೆಟ್ ದೂರದಲ್ಲಿ ನಿಂತಿವೆ. ನಾಲ್ಕೂ ಒಟ್ಟಿಗೆ ಒಂದು ಫ್ರೆಟ್ ಸರಿದು ನೆಲೆಗೆ ನಿಲ್ಲುವಾಗ ಆಗುವ ನಿರಾಳವೇ ಈ ಕಾರ್ಡ್‌ನ ಸೊಗಸು. ಮೆಟ್ರೊನೋಮ್ 60ಕ್ಕೆ ಇಟ್ಟು ಎ ಮೈನರ್‌ಗೆ ನಾಲ್ಕು ಬೀಟ್, ಡಿ9ಗೆ ಎರಡು, ಆಲ್ಟರ್ಡ್‌ಗೆ ಎರಡು, ಜಿಗೆ ಎಂಟು ಬೀಟ್ ಕೊಡಿ. ಜೊತೆಗೆ 1ನೇ ತಂತಿಯ ಸ್ವರವನ್ನು ಬಾಯಲ್ಲಿ ಹಾಡಿ. ಬಿ ಫ್ಲ್ಯಾಟ್ ಹಾಡಲು ಬಂದರೆ ಕಾರ್ಡ್ ಅರ್ಥವಾಗಿದೆ ಎಂದೇ ಲೆಕ್ಕ.

ಇನ್ನೂ ಎರಡು ಎಚ್ಚರಿಕೆ. ಆರೂ ತಂತಿ ಸೇರಿಸಿ ಬಾರಿಸಬೇಡಿ. ತೆರೆದ 6ನೇ ತಂತಿಯ ಇ ಸಹಜ ಒಂಬತ್ತು, ಮೇಲಿನ ಎಫ್ ಜೊತೆ ಜಗಳಕ್ಕೆ ಬೀಳುತ್ತದೆ. ಪಿಕ್ ಬದಲು ಹೆಬ್ಬೆರಳು ಮತ್ತು ಮೂರು ಬೆರಳುಗಳಿಂದ ಒಟ್ಟಿಗೆ ಮೀಟಿದರೆ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಕಿರುಬೆರಳಿನ ಕೆಳಗೆ 1ನೇ ತಂತಿ ಕಿರಗುಟ್ಟಿದರೆ ಜೋರಾಗಿ ಒತ್ತುವುದು ಪರಿಹಾರವಲ್ಲ. ನೆಕ್ ಹಿಂದಿರುವ ಹೆಬ್ಬೆರಳನ್ನು ನಡುಬೆರಳಿನ ನೇರಕ್ಕೆ ಇಳಿಸಿ, ಮೊಣಕೈಯನ್ನು ಮೈಯ ಕಡೆಗೆ ತನ್ನಿ.

ಡಾಮಿನೆಂಟ್ ಕಾರ್ಡಿನ ರೂಟ್ (ಮೂಲ ಸ್ವರ) 6ನೇ ತಂತಿಯ ಮೇಲೆ ಇರುವ ಇನ್ನೊಂದು ಸರಣಿ, ಸಿ ಕೀಯಲ್ಲಿ:

ಡಿ ಮೈನರ್ 9: × 5 3 5 5 5
ಜಿ13: 3 × 3 4 5 5
ಜಿ7 ಶಾರ್ಪ್ 5 ಫ್ಲ್ಯಾಟ್ 9: 3 × 3 4 4 4
ಸಿ 6/9: × 3 2 2 3 3

ಇಲ್ಲಿ ಮೇಲಿನ ತಂತಿ ಎ, ಎ, ಎ ಫ್ಲ್ಯಾಟ್, ಜಿ ಎಂದು ಇಳಿಯುತ್ತಾ ಬರುತ್ತದೆ. ಮೊದಲ ಸರಣಿಗಿಂತ ಇದು ಮೃದು. ಕಿವಿಗೆ ಹೊಸದು ಎನಿಸುವವರು ಇದರಿಂದಲೇ ಶುರು ಮಾಡಿದರೂ ಸರಿ.

ಪ್ರಶ್ನೆ: ಚರ್ಚ್ ಗಾಯನವೃಂದಕ್ಕೂ ಮದುವೆ ಮನೆಯ ಆರ್ಕೆಸ್ಟ್ರಾಕ್ಕೂ ಗಿಟಾರ್ ನುಡಿಸುತ್ತೇನೆ. ಆಲ್ಟರ್ಡ್ ಕಾರ್ಡ್ ಹಾಕಿದಾಗಲೆಲ್ಲ ಹಾಡುವವರು ಶ್ರುತಿ ತಪ್ಪಿ ನನ್ನ ಕಡೆ ತಿರುಗಿ ನೋಡುತ್ತಾರೆ. ಯಾವ ಹಾಡಿಗೆ, ಎಲ್ಲಿ ಹಾಕಬಹುದು?
— ಓದುಗರು, ವಿರಾಜಪೇಟೆ

ಅವರು ನೋಡುವುದರಲ್ಲಿ ನ್ಯಾಯವಿದೆ. ಆ ಬೀಟ್‌ನಲ್ಲಿ ಅವರ ಬಾಯಲ್ಲಿರುವ ಸ್ವರ ಯಾವುದು ಎಂದು ನೋಡಿಯೇ ಕಾರ್ಡ್ ಬದಲಿಸಬೇಕು.

ಎ ಮೈನರ್‌ನ ಒಂದು ಸಿನಿಮಾ ಹಾಡು ಎಂದಿಟ್ಟುಕೊಳ್ಳಿ. ಪಲ್ಲವಿಯ ಕೊನೆಗೆ ಇ7 ಬಂದು ಎ ಮೈನರ್‌ಗೆ ಮರಳುತ್ತದೆ. ಹಾಡು ಕೀರವಾಣಿ ರಾಗದ ಸ್ವರಗಳಲ್ಲಿದ್ದರೆ ಅದರಲ್ಲಿ ಎಫ್ ಮತ್ತು ಸಿ ಆಗಲೇ ಇವೆ. ಇ7ಗೆ ಎಫ್ ಫ್ಲ್ಯಾಟ್ 9, ಸಿ ಶಾರ್ಪ್ 5. ಹಾಗಾಗಿ × 7 6 7 6 8 ಹಿಡಿದರೆ ಹಾಡುಗಾರರ ಕಿವಿಗೆ ಹೊರಗಿನ ಸ್ವರ ಒಂದೂ ಬೀಳುವುದಿಲ್ಲ. ಮೈನರ್ ಹಾಡುಗಳಲ್ಲಿ ಮೊದಲು ಈ ಒಂದನ್ನೇ ರೂಢಿಸಿಕೊಳ್ಳಿ. ಶಾರ್ಪ್ 9 (ಜಿ) ಮತ್ತು ಫ್ಲ್ಯಾಟ್ 5 (ಬಿ ಫ್ಲ್ಯಾಟ್) ಕೀರವಾಣಿಯ ಹೊರಗಿನವು. ಅವನ್ನು ಹಾಡುಗಾರರು ಉಸಿರು ತೆಗೆದುಕೊಳ್ಳುವ ಜಾಗಕ್ಕೆ, ಇಲ್ಲವೇ ಇಂಟರ್‌ಲ್ಯೂಡ್‌ಗೆ ಇಟ್ಟುಕೊಳ್ಳಿ.

ಹಾಡುಗಾರರು ಇ7 ಮೇಲೆ ಬಿ ಸ್ವರವನ್ನು ಎಳೆದು ನಿಲ್ಲಿಸಿದ್ದರೆ ನಿಮ್ಮ ಸಿ ಅದಕ್ಕೆ ಅರ್ಧ ಸ್ವರದಲ್ಲಿ ಉಜ್ಜುತ್ತದೆ. ಅಲ್ಲಿ ಶಾರ್ಪ್ 5 ಬಿಟ್ಟು × 7 6 7 6 × ಸಾಕು. ಅವರು ಎಫ್ ಶಾರ್ಪ್ ಮೇಲೆ ನಿಂತಿದ್ದರೆ ಫ್ಲ್ಯಾಟ್ 9 ಕೂಡ ಬೇಡ, ಸಾದಾ ಇ7 ನುಡಿಸಿ. ಕಾರ್ಡ್‌ನ ಅವಧಿಯೂ ಮುಖ್ಯ. ಎರಡು ಬಾರ್ ಪೂರ್ತಿ ಆಲ್ಟರ್ಡ್ ಹಿಡಿದರೆ ಯಾರಿಗಾದರೂ ನೆಲೆ ತಪ್ಪುತ್ತದೆ. ಬಾರ್‌ನ ಕೊನೆಯ ಎರಡು ಬೀಟ್ ಸಾಕು, ಕೂಡಲೇ ಎ ಮೈನರ್‌ಗೆ ಇಳಿಯಿರಿ.

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಇದ್ದರೆ ಮೊದಲೇ ಮಾತಾಡಿಕೊಳ್ಳಿ. ಅವರು ಇ13 ನುಡಿಸಿದರೆ ಅದರಲ್ಲಿ ಸಿ ಶಾರ್ಪ್ ಇದೆ, ನಿಮ್ಮಲ್ಲಿ ಸಿ ಇದೆ. ಇಬ್ಬರಲ್ಲಿ ಯಾರು ನುಡಿಸಿದ್ದೂ ತಪ್ಪಲ್ಲ, ಸೇರಿದಾಗ ಮಾತ್ರ ಕೆಸರು. ಆ ಎರಡು ಬೀಟ್‌ನಲ್ಲಿ ಒಬ್ಬರೇ ಕಾರ್ಡ್ ನುಡಿಸಲಿ, ಬೇಸ್ ಗಿಟಾರ್ ಇ ಮೇಲಿರಲಿ.

ಚರ್ಚ್‌ನಲ್ಲಿ ನಾಲ್ಕು ದನಿಗಳಲ್ಲಿ ಹಾಡುವ ಗೀತೆಗಳಿಗೆ ಹಾಕಲೇಬೇಡಿ. ಅಲ್ಲಿ ಪ್ರತಿ ದನಿಯ ಸ್ವರ ಬರೆದಿಟ್ಟದ್ದು, ಆಲ್ಟೊ ಅಥವಾ ಟೆನರ್ ಸಹಜ ಐದನೆಯ ಸ್ವರವನ್ನು ಹಿಡಿದಿರುವ ಸಾಧ್ಯತೆ ಹೆಚ್ಚು. ಶುರುವಿನ ಇಂಟ್ರೊದಲ್ಲಿ ಹಾಕಿದರೆ ಯಾರಿಗೂ ತೊಂದರೆಯಿಲ್ಲ. ವಾಲಗದ ಧಾಟಿಗೆ ಇದನ್ನು ಹೊಂದಿಸಬಹುದೇ ಎಂದೂ ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ವಾಲಗವಾಗಲಿ, ದುಡಿ ಹಿಡಿದು ಹಾಡುವ ಬಾಳೊಪಾಟ್ ಆಗಲಿ ಒಂದೇ ಆಧಾರ ಸ್ವರದ ಸುತ್ತ ನಡೆಯುವಂಥವು. ಡಾಮಿನೆಂಟ್ ಕಾರ್ಡ್ ಮನೆ ಬಿಟ್ಟು ಹೋಗಿ ಮರಳುವ ಚಲನೆಯೇ ಅವುಗಳಲ್ಲಿಲ್ಲ. ಇಲ್ಲದ ಚಲನೆಗೆ ಬಿಗುವು ತುಂಬಿದರೆ ಧಾಟಿ ಕೆಡುತ್ತದೆ. ಗಿಟಾರ್ ಸೇರಿಸಲೇಬೇಕೆಂದರೆ ಆಧಾರ ಸ್ವರ ಮತ್ತು ಅದರ ಐದನೆಯದು, ಅಷ್ಟೇ ಸಾಕು.

ಪ್ರಶ್ನೆ: ಇ7 ಶಾರ್ಪ್ 9ರಲ್ಲಿ ಜಿ ಶಾರ್ಪ್ ಇದೆ, ಜಿ ಕೂಡ ಇದೆ. ಮೇಜರ್, ಮೈನರ್ ಎರಡೂ ಒಟ್ಟಿಗಿದ್ದರೆ ಅದು ತಪ್ಪಲ್ಲವೇ?
— ವಿದ್ಯಾರ್ಥಿ, ಪೊನ್ನಂಪೇಟೆ

ಅಲ್ಲ. 0 7 6 7 8 × ಹಿಡಿದು ನೋಡಿ. ಜಿ ಶಾರ್ಪ್ ಕೆಳಗೆ 4ನೇ ತಂತಿಯಲ್ಲಿ, ಜಿ ಮೇಲೆ 2ನೇ ತಂತಿಯಲ್ಲಿ. ನಡುವೆ ಹನ್ನೊಂದು ಫ್ರೆಟ್‌ಗಳ ಅಂತರವಿರುವುದರಿಂದ ಘರ್ಷಣೆ ಹಿತವಾಗುತ್ತದೆ. ಎರಡನ್ನೂ ಪಕ್ಕಪಕ್ಕಕ್ಕೆ ತಂದರೆ ಕರ್ಕಶ. ಮೂರನೆಯ ಸ್ವರದ ಸ್ಥಾನದಲ್ಲಿ ಜಿ ಶಾರ್ಪ್ ಆಗಲೇ ಕೂತಿರುವುದರಿಂದ ಮೇಲಿನದನ್ನು ಶಾರ್ಪ್ 9 ಎನ್ನುತ್ತಾರೆ. ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಪ್ರಸಿದ್ಧಗೊಳಿಸಿದ ಕಾರ್ಡ್ ಇದೇ. ಆದರೆ ಅಲ್ಲಿ ಇದು ಮನೆಯ ಕಾರ್ಡ್, ಎಲ್ಲಿಗೂ ಇಳಿಯಬೇಕಾಗಿಲ್ಲ. ಶೇಪ್ ಒಂದೇ ಆದರೂ ಕೆಲಸ ಬೇರೆ.

ಪ್ರಶ್ನೆ: ಕರ್ನಾಟಕ ಸಂಗೀತ ಕಲಿತು ಈಗ ಗಿಟಾರ್ ಹಿಡಿದಿದ್ದೇನೆ. ಆಲ್ಟರ್ಡ್ ಸ್ಕೇಲ್ ಯಾವ ಮೇಳಕರ್ತ? ತಂಬೂರ ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡಬಹುದೇ?
— ಓದುಗರು, ಮಡಿಕೇರಿ

ನಿಮ್ಮ ಹಿನ್ನೆಲೆಯವರಿಗೆ ಇದು ಬೇಗ ಹತ್ತುತ್ತದೆ. ಡಿಯನ್ನು ಷಡ್ಜ ಎಂದುಕೊಂಡರೆ ಆಲ್ಟರ್ಡ್ ಸ್ಕೇಲ್‌ನಲ್ಲಿ (ಆಲ್ಟರ್ಡ್ ಕಾರ್ಡ್ ಮೇಲೆ ನುಡಿಸುವ ಸ್ವರಶ್ರೇಣಿಯಲ್ಲಿ) ಷಡ್ಜದ ಜೊತೆ ಬರುವವು ಶುದ್ಧ ರಿಷಭ, ಷಟ್‌ಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ಪಂಚಮ ಇಲ್ಲ, ರಿಷಭ ಎರಡು. 72 ಮೇಳಕರ್ತಗಳಲ್ಲಿ ಪ್ರತಿ ಮೇಳಕ್ಕೂ ಪಂಚಮ ಇರುವುದರಿಂದ ಇದು ಯಾವ ಮೇಳವೂ ಅಲ್ಲ.

ಆದರೆ ಷಡ್ಜವನ್ನು ಒಂದು ಫ್ರೆಟ್ ಮೇಲಕ್ಕೆ, ಇ ಫ್ಲ್ಯಾಟ್‌ಗೆ ಒಯ್ದು ಅದೇ ಸ್ವರಗಳನ್ನು ನೋಡಿ: ಇ ಫ್ಲ್ಯಾಟ್, ಎಫ್, ಜಿ ಫ್ಲ್ಯಾಟ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್, ಸಿ, ಡಿ. ಇದು 23ನೇ ಮೇಳ ಗೌರಿಮನೋಹರಿ. ಪಾಶ್ಚಾತ್ಯರು ಮೆಲಾಡಿಕ್ ಮೈನರ್ ಎನ್ನುವುದು ಇದನ್ನೇ. ಗೌರಿಮನೋಹರಿಯ ನಿಷಾದದಿಂದ ಗ್ರಹಭೇದ ಮಾಡಿದರೆ, ಅಂದರೆ ಆ ನಿಷಾದವನ್ನೇ ಷಡ್ಜ ಎಂದು ಹಿಡಿದರೆ, ಆಲ್ಟರ್ಡ್ ಸ್ಕೇಲ್. ಯಾವ ಡಾಮಿನೆಂಟ್ ಕಾರ್ಡ್ ಬಂದರೂ ಅದರ ರೂಟ್‌ಗಿಂತ ಒಂದು ಫ್ರೆಟ್ ಮೇಲೆ ಗೌರಿಮನೋಹರಿ ಹಾಡಿಕೊಂಡರೆ ಸರಿಯಾದ ಸ್ವರಗಳೇ ಸಿಗುತ್ತವೆ. ಇಲ್ಲಿ ಬೇಕಿರುವುದು ಸ್ವರಸ್ಥಾನ ಮಾತ್ರ. ಗಮಕ, ರಾಗದ ಸಂಚಾರ ತಂದರೆ ಕೇಳುವವರ ಕಿವಿ ಇ ಫ್ಲ್ಯಾಟ್‌ನಲ್ಲೇ ನೆಲೆಯೂರಿ ಕಾರ್ಡ್ ಜಿಗೆ ಇಳಿದದ್ದು ತಿಳಿಯುವುದೇ ಇಲ್ಲ.

ಒಂದು ಚಿಕ್ಕ ಸಂಗತಿ (ಸ್ವರಗುಚ್ಛ) ನುಡಿಸಿ ನೋಡಿ: 2ನೇ ತಂತಿಯಲ್ಲಿ 6 ಮತ್ತು 4ನೇ ಫ್ರೆಟ್; 3ನೇ ತಂತಿಯಲ್ಲಿ 5 ಮತ್ತು 3; ಬಳಿಕ ಅದೇ ತಂತಿಯಲ್ಲಿ 4. ಸ್ವರಗಳು ಎಫ್, ಇ ಫ್ಲ್ಯಾಟ್, ಸಿ, ಬಿ ಫ್ಲ್ಯಾಟ್, ಕೊನೆಗೆ ಬಿ. ಮೊದಲ ನಾಲ್ಕು ಡಿ7 ಆಲ್ಟ್ ಮೇಲೆ, ಕೊನೆಯ ಬಿ ಸರಿಯಾಗಿ ಜಿ ಕಾರ್ಡ್‌ನ ಮೊದಲ ಬೀಟ್‌ಗೆ. ಅದು ಅರ್ಧ ಬೀಟ್ ತಡವಾದರೂ ಹಿಂದಿನ ನಾಲ್ಕು ಸ್ವರಗಳು ತಪ್ಪಿನಂತೆ ಕೇಳುತ್ತವೆ.

ತಂಬೂರ ಬೇಡ. ಡಿ ಶ್ರುತಿಗೆ ಇಟ್ಟರೆ ಅದರ ಪಂಚಮ ಎ. ನಾವು ಬಿಟ್ಟಿರುವ ಸ್ವರವೇ ಅದು, ಎ ಫ್ಲ್ಯಾಟ್‌ಗೂ ಎ ಶಾರ್ಪ್‌ಗೂ ಡಿಕ್ಕಿ ಹೊಡೆಯುತ್ತದೆ. ಆ್ಯಪ್‌ನಲ್ಲಿ ಪಂಚಮ ನಿಲ್ಲಿಸಿ ಷಡ್ಜ ಮಾತ್ರ ಇಟ್ಟುಕೊಳ್ಳಬಹುದು. ಅದಕ್ಕಿಂತ ಮೇಲಿನ ನಾಲ್ಕು ಕಾರ್ಡ್‌ಗಳನ್ನು ನೀವೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಅದರ ಮೇಲೆ ನುಡಿಸುವುದು ಮೇಲು.

ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಇದೇ ಕಾರ್ಡ್‌ಗಳು ಜುಲೈ ಬಂತೆಂದರೆ ಅಪಶ್ರುತಿ. ಟ್ಯೂನರ್ ಸರಿ ತೋರಿಸುತ್ತದೆ. ಬೆರಳೂ ನೋಯುತ್ತದೆ. ಅಕೂಸ್ಟಿಕ್ ಗಿಟಾರ್, ಮನೆ ಭಾಗಮಂಡಲದ ಹತ್ತಿರ.
— ಓದುಗರು, ನಾಪೋಕ್ಲು ಮಾರ್ಗ

ಕಾರಣ ತೇವ. ಗಿಟಾರ್ ತಯಾರಕರು ಸಾಮಾನ್ಯವಾಗಿ ಹೇಳುವ ಆರ್ದ್ರತೆ ಶೇ 45ರಿಂದ 55. ನಿಮ್ಮ ಕಡೆಯ ಮಳೆಗಾಲದಲ್ಲಿ ಮನೆಯೊಳಗೂ ಅದು ಬಹಳ ಮೇಲಿರುತ್ತದೆ. ಮರ ನೀರಾವಿ ಹೀರಿ ಮುಂಭಾಗದ ಹಲಗೆ ಉಬ್ಬುತ್ತದೆ, ಅದರ ಮೇಲೆ ತಂತಿ ಹಿಡಿದಿಡುವ ಬ್ರಿಜ್ ಮೇಲೆದ್ದು ತಂತಿ ಫ್ರೆಟ್‌ನಿಂದ ದೂರವಾಗುತ್ತದೆ. ಹೆಚ್ಚು ದೂರ ಒತ್ತಿದಷ್ಟೂ ತಂತಿ ಹಿಗ್ಗಿ ಸ್ವರ ಏರುತ್ತದೆ. ಟ್ಯೂನರ್ ಸರಿ ಎನ್ನುವುದು ತೆರೆದ ತಂತಿಗೆ. ಆಲ್ಟರ್ಡ್ ಕಾರ್ಡ್‌ನಲ್ಲಿ ತೆರೆದ ತಂತಿ ಹೆಚ್ಚಾಗಿ ಇರುವುದೇ ಇಲ್ಲ, ಸ್ವರಗಳ ನಡುವಿನ ಅಂತರವೂ ಬಿಗಿ. ಹಾಗಾಗಿ ಸಾದಾ ಜಿ, ಸಿ ಕಾರ್ಡ್‌ಗಳಲ್ಲಿ ಅಡಗಿ ಹೋಗುವ ದೋಷ ಇಲ್ಲಿ ಎದ್ದು ಕಾಣುತ್ತದೆ.

ಪರೀಕ್ಷೆ ಸುಲಭ. 12ನೇ ಫ್ರೆಟ್ ಮೇಲೆ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಬರುವ ಸ್ವರ) ನುಡಿಸಿ, ಅದೇ ಜಾಗ ಒತ್ತಿ ನುಡಿಸಿ, ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಒತ್ತಿದ್ದು ಮೇಲಿದ್ದರೆ ತಂತಿಯ ಎತ್ತರ ಹೆಚ್ಚಾಗಿದೆ, ಇಲ್ಲವೇ ತಂತಿ ತುಕ್ಕು ಹಿಡಿದಿದೆ. ಸ್ಕೇಲ್ ಇಟ್ಟು ಅಳೆಯಿರಿ: 12ನೇ ಫ್ರೆಟ್‌ನಲ್ಲಿ 6ನೇ ತಂತಿ ಸುಮಾರು 2.5 ಮಿ.ಮೀ., 1ನೇ ತಂತಿ 1.8ರಿಂದ 2 ಮಿ.ಮೀ. ಇದ್ದರೆ ಕೈಗೆ ಹಿತ. 3 ಮಿ.ಮೀ. ದಾಟಿದರೆ ಕಿರುಬೆರಳನ್ನು ಮಲಗಿಸುವುದು ಶಿಕ್ಷೆ.

ಮೊದಲು ತಂತಿ ಬದಲಿಸಿ. 12–53 ಸೆಟ್ ಬದಲು ಅದಕ್ಕಿಂತ ಸಪೂರದ 11–52 ಸೆಟ್ (ಅಂಕಿಗಳು ತಂತಿಯ ದಪ್ಪದ ಅಳತೆ) ಹಾಕಿದರೆ ಎಳೆತ ಕಡಿಮೆಯಾಗುತ್ತದೆ. ಲೇಪನವಿರುವ ತಂತಿಗೆ ಬೆಲೆ ಹೆಚ್ಚಾದರೂ ನಿಮ್ಮ ಊರಿನ ಮಳೆಗೆ ಅದೇ ಲಾಭ. ನುಡಿಸಿದ ಮೇಲೆ ತಂತಿಯ ಅಡಿಭಾಗವನ್ನೂ ಒಣಬಟ್ಟೆಯಲ್ಲಿ ಒರೆಸಿ. ಗಿಟಾರ್ ಗೋಡೆಗೆ ನೇತು ಹಾಕಬೇಡಿ, ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ. ಬಣ್ಣ ಬದಲಾಯಿಸುವ ಜೆಲ್ ತೆಗೆದುಕೊಂಡರೆ ಯಾವಾಗ ಒಣಗಿಸಬೇಕೆಂದು ತಿಳಿಯುತ್ತದೆ. ಚಿಕ್ಕ ಹೈಗ್ರೋಮೀಟರ್ ಒಂದನ್ನು ಪೆಟ್ಟಿಗೆಯೊಳಗೆ ಇಡಿ. ಬೆಚ್ಚಗಿರಲಿ ಎಂದು ಒಲೆಯ ಹತ್ತಿರವೋ ಒಲೆ ಮೇಲಿನ ಅಟ್ಟದಲ್ಲೋ ಇಡಬೇಡಿ, ಅಂಟು ಬಿಟ್ಟು ಬ್ರಿಜ್ ಎದ್ದು ಬರುತ್ತದೆ.

ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ತಿರುಗಿಸಿದರೆ ಸರಿಯಾಗುತ್ತದೆ ಎಂಬ ಸಲಹೆ ನಿಮಗೆ ಸಿಕ್ಕೇ ಸಿಗುತ್ತದೆ. ಅದು ನೆಕ್ ಬಾಗಿದ್ದನ್ನು ಸರಿಪಡಿಸುತ್ತದೆಯೇ ಹೊರತು ಉಬ್ಬಿದ ಹಲಗೆಯನ್ನಲ್ಲ. 1ನೇ ಫ್ರೆಟ್‌ಗೆ ಕಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, 6ನೇ ತಂತಿಯನ್ನು 14ನೇ ಫ್ರೆಟ್‌ನಲ್ಲಿ ಒತ್ತಿ, 7ನೇ ಫ್ರೆಟ್‌ನಲ್ಲಿ ಸಂದು ನೋಡಿ. 0.2–0.25 ಮಿ.ಮೀ. ಇದ್ದರೆ ರಾಡ್ ಮುಟ್ಟಬೇಡಿ. ಹೆಚ್ಚಿದ್ದರೆ ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಬಲಕ್ಕೆ, ಮತ್ತೆ ಟ್ಯೂನ್ ಮಾಡಿ ಅಳತೆ. ಇನ್ನು ಬ್ರಿಜ್ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿ, ಸ್ಯಾಡಲ್: ಅದರ ತಳದಿಂದ 1 ಮಿ.ಮೀ. ಉಜ್ಜಿದರೆ 12ನೇ ಫ್ರೆಟ್‌ನಲ್ಲಿ ಸುಮಾರು ಅರ್ಧ ಮಿ.ಮೀ. ಇಳಿಯುತ್ತದೆ. ಆದರೆ ಮಳೆಗಾಲದಲ್ಲಿ ನಿಮ್ಮ ಮೂಲ ಸ್ಯಾಡಲ್ ಉಜ್ಜಬೇಡಿ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹಲಗೆ ಒಣಗಿ ಇಳಿದಾಗ ತಂತಿಗಳೆಲ್ಲ ಫ್ರೆಟ್‌ಗೆ ಬಡಿದು ಕಿರಗುಟ್ಟುತ್ತವೆ. ಇನ್ನೊಂದು ಸ್ಯಾಡಲ್ ತಂದು ಅದನ್ನು ತಗ್ಗಿಸಿ ಮಳೆಗಾಲಕ್ಕೆಂದೇ ಇಟ್ಟುಕೊಳ್ಳಿ. ಕುಶಾಲನಗರದ ಕಡೆ ಇಷ್ಟೆಲ್ಲ ಬೇಕಾಗದಿರಬಹುದು, ಭಾಗಮಂಡಲದ ಕಡೆ ಬೇಕು.

ಪ್ರಶ್ನೆ: ಟ್ರೈಟೋನ್ ಸಬ್‌ಸ್ಟಿಟ್ಯೂಷನ್ ಮತ್ತು ಆಲ್ಟರ್ಡ್ ಕಾರ್ಡ್ ಒಂದೆಯೇ, ಬೇರೆಯೇ?
— ಓದುಗರು, ಸೋಮವಾರಪೇಟೆ

ಟ್ರೈಟೋನ್ ಸಬ್‌ಸ್ಟಿಟ್ಯೂಷನ್ ಎಂದರೆ ಒಂದು ಡಾಮಿನೆಂಟ್ ಕಾರ್ಡ್ ಬದಲು ಆರು ಫ್ರೆಟ್ ಆಚೆಗಿನ ರೂಟ್‌ನ ಡಾಮಿನೆಂಟ್ ಕಾರ್ಡ್ ನುಡಿಸುವುದು. ಬೇಸ್ ಸ್ವರ ಬಿಟ್ಟರೆ ಎರಡೂ ಒಂದೇ. ಡಿ7 ಶಾರ್ಪ್ 5 ಶಾರ್ಪ್ 9 ಹಿಡಿದು (× 5 4 5 6 6) ಕೆಳಗಿನ ಡಿ ತೆಗೆಯಿರಿ. ಉಳಿದವು ಎಫ್ ಶಾರ್ಪ್, ಸಿ, ಎಫ್, ಬಿ ಫ್ಲ್ಯಾಟ್. ಈಗ 6ನೇ ತಂತಿಯ 4ನೇ ಫ್ರೆಟ್‌ನ ಎ ಫ್ಲ್ಯಾಟ್ ಸೇರಿಸಿ: 4 × 4 5 6 6. ಇದು ಎ ಫ್ಲ್ಯಾಟ್ 13. ಮೇಲೆ ಕೊಟ್ಟ ಜಿ13 (3 × 3 4 5 5) ಶೇಪ್ ಒಂದು ಫ್ರೆಟ್ ಮೇಲಕ್ಕೆ ಸರಿದಿದೆ, ಅಷ್ಟೇ. ಅಂದರೆ ನಿಮಗೆ ಗೊತ್ತಿರುವ ಪ್ರತಿ 13 ಶೇಪ್‌ನ ಮೇಲಿನ ನಾಲ್ಕು ತಂತಿಗಳು ಆರು ಫ್ರೆಟ್ ಆಚೆಗಿನ ಇನ್ನೊಂದು ರೂಟ್‌ನ ಆಲ್ಟರ್ಡ್ ಕಾರ್ಡ್ ಕೂಡ ಹೌದು. ಎರಡೂ ಕಾರ್ಡ್‌ಗಳಿಗೆ ಎಫ್ ಶಾರ್ಪ್ ಮತ್ತು ಸಿ ಸಮಾನ. ಒಂದರ ಮೂರನೆಯದು ಇನ್ನೊಂದರ ಏಳನೆಯದು.

ಬೇಸ್ ಗಿಟಾರ್ ಜೊತೆಗಿದ್ದರೆ ನೀವು ಮೇಲಿನ ನಾಲ್ಕು ತಂತಿ ಮಾತ್ರ ನುಡಿಸಿ. ಅವರು ಡಿ ನುಡಿಸಿದರೆ ಆಲ್ಟರ್ಡ್, ಎ ಫ್ಲ್ಯಾಟ್ ನುಡಿಸಿದರೆ ಟ್ರೈಟೋನ್. ಒಬ್ಬರೇ ನುಡಿಸುವಾಗ 4 × 4 5 6 6 ಇಂದ 3 × 5 4 5 5ಕ್ಕೆ ಬನ್ನಿ: ಬೇಸ್ ಎ ಫ್ಲ್ಯಾಟ್‌ನಿಂದ ಜಿಗೆ ಒಂದೇ ಫ್ರೆಟ್ ಜಾರುತ್ತದೆ. ಕೊನೆಯ ಕಾರ್ಡ್‌ಗೆ ತೋರುಬೆರಳು 6ನೇ ತಂತಿಗೆ, ನಡುಬೆರಳು 3ನೆಯದಕ್ಕೆ, ಉಂಗುರಬೆರಳು 4ನೆಯದಕ್ಕೆ, ಕಿರುಬೆರಳು ಮಲಗಿ 2 ಮತ್ತು 1ಕ್ಕೆ.